ಕನ್ನಡ ಮನರಂಜನಾ ಮತ್ತು ಕ್ರೀಡಾ ವಾಹಿನಿಗಳು

ಧಾರಾವಾಹಿ, ಚಲನಚಿತ್ರ, ಸಂಗೀತ, ಹಾಸ್ಯ, ಸ್ಪರ್ಧೆ ಮೊದಲಾದ ರಂಜನೆಯ ಕಾರ್ಯಕ್ರಮಗಳನ್ನಾಗಲಿ, ಕ್ರಿಕೆಟ್, ಕಬಡ್ಡಿ, ಫುಟ್‌ಬಾಲ್ ಮುಂತಾದ ಆಟಗಳ ನೇರ ಪ್ರಸಾರವನ್ನಾಗಲಿ ಕನ್ನಡ ಮಾತಿನಲ್ಲಿ ನೀಡುವ ಟೆಲಿವಿಷನ್ ವಾಹಿನಿಗಳನ್ನು ಒಟ್ಟಾಗಿ ಕನ್ನಡ ಮನರಂಜನಾ ಮತ್ತು ಕ್ರೀಡಾ ವಾಹಿನಿಗಳೆಂದು ಕರೆಯಲಾಗುತ್ತದೆ. 2011ರ ಜನಗಣತಿಯಂತೆ 4.37 ಕೋಟಿ ಜನರ ತಾಯ್ನುಡಿಯಾದ ಕನ್ನಡದಲ್ಲಿ ರಂಜನೆ ಮತ್ತು ಆಟ ಎರಡೂ ಬೇರೆ ಬೇರೆ ಹಾದಿ ಹಿಡಿದು ಬೆಳೆದವು. ರಂಜನೆಯ ಖಾಸಗಿ ವಾಹಿನಿ 1994ರಲ್ಲೇ ಬಂದಿತಾದರೂ ಆಟಕ್ಕೆಂದೇ ಮೀಸಲಾದ ಕನ್ನಡ ವಾಹಿನಿ 2018ರ ಕೊನೆಯವರೆಗೆ ಇರಲಿಲ್ಲ.

ಪರಿಭಾಷೆ

'ದೂರದರ್ಶನ' ಎಂಬ ಪದ ಕನ್ನಡದಲ್ಲಿ ಮಾಧ್ಯಮಕ್ಕೂ ಸಂದಿದೆ, ಸರ್ಕಾರಿ ಪ್ರಸಾರ ಸಂಸ್ಥೆಗೂ ಸಂದಿದೆ. ಗೊಂದಲ ತಪ್ಪಿಸಲು ಇಲ್ಲಿ ಮಾಧ್ಯಮವನ್ನು ಟೆಲಿವಿಷನ್ ಎಂದೂ ಸಂಸ್ಥೆಯನ್ನು ಮಾತ್ರ ದೂರದರ್ಶನ ಎಂದೂ ಕರೆಯಲಾಗಿದೆ. ಆಟ ನಡೆಯುತ್ತಿರುವಾಗಲೇ ಅದನ್ನು ಮಾತಿನಲ್ಲಿ ಕಟ್ಟಿಕೊಡುವುದು 'ವೀಕ್ಷಕ ವಿವರಣೆ'. ಮೈದಾನದ ಕ್ಯಾಮೆರಾಗಳಿಂದ ಬರುವ, ಯಾವ ಭಾಷೆಯ ಮಾತೂ ಸೇರದ, ಆಟದ ಸದ್ದು ಮಾತ್ರ ಇರುವ ಚಿತ್ರಪ್ರವಾಹ 'ಮೂಲ ದೃಶ್ಯ'. ಒಂದು ಪಂದ್ಯಾವಳಿಯನ್ನು ಇಂತಿಷ್ಟು ವರ್ಷ ತೋರಿಸಲು ಆಟದ ಮಂಡಳಿಗೆ ಹಣ ಕೊಟ್ಟು ಪಡೆಯುವ ಅಧಿಕಾರ 'ಪ್ರಸಾರ ಹಕ್ಕು'. ಚಂದಾ ಕಟ್ಟಿದರೆ ಮಾತ್ರ ಸಿಗುವ ವಾಹಿನಿ ಪಾವತಿ ವಾಹಿನಿ, ಚಂದಾ ಇಲ್ಲದೆ ಸಿಗುವುದು ಉಚಿತ ವಾಹಿನಿ. ವೀಕ್ಷಕ ವಿವರಣೆಯನ್ನು ಡಬ್ಬಿಂಗ್‌ನಿಂದ ಬೇರ್ಪಡಿಸಿ ನೋಡಬೇಕು: ಡಬ್ಬಿಂಗ್ ಆಗಲೇ ಆಡಿದ ಮಾತಿನ ಮರುನುಡಿ, ವಿವರಣೆ ಅದೇ ಕ್ಷಣದಲ್ಲಿ ಹುಟ್ಟುವ ಹೊಸ ಮಾತು.

ಉಗಮ

ಭಾರತದಲ್ಲಿ ಟೆಲಿವಿಷನ್ ಪ್ರಸಾರ ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಆರಂಭವಾಯಿತು. ಕರ್ನಾಟಕಕ್ಕೆ ಅದು ಬೆಂಗಳೂರಿನ ಮೂಲಕ ಬರಲಿಲ್ಲ, ಕಲ್ಯಾಣ ಕರ್ನಾಟಕ ಮತ್ತು ವಿಜಯಪುರ ಸೀಮೆಯ ಹಳ್ಳಿಗಳ ಮೂಲಕ ಬಂದಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗ, ಅಂದರೆ ಸೈಟ್, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ಮುಟ್ಟಿಸಿತು. ಅದಕ್ಕೆ ಕರ್ನಾಟಕದಿಂದ ಆಯ್ಕೆಯಾದವು ಅಂದಿನ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಬೆಳವಣಕಿ ಗ್ರಾಮವಿರುವ, ಈಗ ಗದಗ ಜಿಲ್ಲೆಗೆ ಸೇರಿದ ರೋಣ ತಾಲ್ಲೂಕು ಆಗ ಧಾರವಾಡ ಜಿಲ್ಲೆಯಲ್ಲಿತ್ತು. ಒಂದು ಕಡೆ ಬಿಜಾಪುರ ಜಿಲ್ಲೆಯ ಬಾದಾಮಿ, ಇನ್ನೊಂದು ಕಡೆ ರಾಯಚೂರು ಜಿಲ್ಲೆಯ ಕುಷ್ಟಗಿ, ಹೀಗೆ ಎರಡು ಮಗ್ಗುಲಿಗೂ ಪ್ರಯೋಗದ ಜಿಲ್ಲೆಗಳಿದ್ದರೂ ಜಿಲ್ಲೆಯ ಗಡಿಗೆರೆಯ ಕಾರಣದಿಂದ ಈ ತಾಲ್ಲೂಕು ಹೊರಗುಳಿಯಿತು.

ಈ ಪ್ರಯೋಗದ ಒಂದು ತಾಂತ್ರಿಕ ಅಂಶ ಮುಂದಿನ ಕ್ರೀಡಾ ಪ್ರಸಾರದ ದೃಷ್ಟಿಯಿಂದ ಗಮನಾರ್ಹ. ಉಪಗ್ರಹದ ಒಂದು ದೃಶ್ಯ ಮಾರ್ಗದ ಜೊತೆಗೆ ಎರಡು ಧ್ವನಿ ಮಾರ್ಗಗಳಿದ್ದುದರಿಂದ ಒಂದೇ ಚಿತ್ರವನ್ನು ಎರಡು ಭಾಷೆಗಳಲ್ಲಿ ಕೇಳಿಸಲು ಸಾಧ್ಯವಿತ್ತು. ಒಂದೇ ಪಂದ್ಯವನ್ನು ಹಲವು ಭಾಷೆಗಳಲ್ಲಿ ಕೊಡುವ ಇಂದಿನ ಪದ್ಧತಿಯ ತತ್ತ್ವವೂ ಇದೇ. ಆದರೆ ಆಟದ ಮಟ್ಟಿಗೆ ಅದು ಕನ್ನಡದಲ್ಲಿ ಬಳಕೆಗೆ ಬರಲು ನಾಲ್ಕು ದಶಕ ಹಿಡಿಯಿತು.

ಸೈಟ್ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗದಲ್ಲಿಯೂ 1981ರಲ್ಲಿ ಬೆಂಗಳೂರಿನಲ್ಲಿಯೂ ದೂರದರ್ಶನ ಕೇಂದ್ರಗಳು ಆರಂಭವಾದವು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದೊಂದಿಗೆ ಬಣ್ಣದ ಪ್ರಸಾರ ಬಂದಿತು. ಮರುವರ್ಷದ ವಿಶ್ವಕಪ್ ಕ್ರಿಕೆಟ್‌ನಲ್ಲಿ 18 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದ ರೋಜರ್ ಬಿನ್ನಿ, ವಿಕೆಟ್ ಹಿಂದೆ ನಿಂತ ಸಯ್ಯದ್ ಕಿರ್ಮಾನಿ ಇಬ್ಬರೂ ಕರ್ನಾಟಕದವರೇ. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೊನಲು ಬೆಳಕಿನಡಿ ನಡೆದ ಭಾರತ-ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಅನಿಲ್ ಕುಂಬ್ಳೆ ಮೂವರೂ ಚೆಂಡೆಸೆದರು. ಆಡಿದ ನೆಲ ಕನ್ನಡ ನಾಡಿನದೂ ಚೆಂಡೆಸೆದ ಈ ಮೂವರು ಕನ್ನಡ ನಾಡಿನವರೂ ಆಗಿದ್ದರೂ ಟೆಲಿವಿಷನ್ನಿನ ವಿವರಣೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿತ್ತು. ಮನೆಯಲ್ಲಿ ಪಂದ್ಯ ನೋಡಿದವರಿಗೆ ಆಟದ ಕನ್ನಡ ಸಿಗುತ್ತಿದ್ದುದು ಮರುದಿನದ ಪತ್ರಿಕೆಯಲ್ಲಿ.

ರಂಜನೆಯ ಕ್ಷೇತ್ರದಲ್ಲಿ ಸ್ಥಿತಿ ಹೀಗಿರಲಿಲ್ಲ. ಬೆಂಗಳೂರು ಕೇಂದ್ರದಿಂದ ಬಂದ 'ಗುಡ್ಡದ ಭೂತ', ಟಿ.ಎನ್. ಸೀತಾರಾಂ ನಿರ್ದೇಶನದ 'ಮಾಯಾಮೃಗ'ದಂಥ ಧಾರಾವಾಹಿಗಳು ಕನ್ನಡ ಕಿರುತೆರೆಯ ಮಾದರಿಯನ್ನು ರೂಪಿಸಿದವು. ರಾಷ್ಟ್ರೀಯ ಜಾಲಕ್ಕಾಗಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಹಿಂದಿಯಲ್ಲಿ ಬಂದಿತು. 1988ರ ಆಗಸ್ಟ್ 15ರಿಂದ ದೂರದರ್ಶನದಲ್ಲಿ ದೇಶದ ತುಂಬ ಕೇಳಿಬಂದ 'ಮಿಲೇ ಸುರ್ ಮೇರಾ ತುಮ್ಹಾರಾ' ಗೀತಚಿತ್ರವನ್ನು ಆರಂಭಿಸುವ ಕಂಠ ರೋಣದಲ್ಲಿ ಹುಟ್ಟಿದ ಪಂಡಿತ ಭೀಮಸೇನ ಜೋಶಿಯವರದು. ಬೆಂಗಳೂರು ಕೇಂದ್ರದ ಕನ್ನಡ ವಾಹಿನಿ ಮುಂದೆ 'ಚಂದನ' ಎಂಬ ಹೆಸರು ಪಡೆಯಿತು. 2002ರಲ್ಲಿ ಆರಂಭವಾಗಿ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ ರಸಪ್ರಶ್ನೆ ಕಾರ್ಯಕ್ರಮ 'ಥಟ್ ಅಂತ ಹೇಳಿ' ಈ ವಾಹಿನಿಯ ಅತಿ ದೀರ್ಘ ಬಾಳಿಕೆಯ ಕಾರ್ಯಕ್ರಮಗಳಲ್ಲಿ ಒಂದು.

ಖಾಸಗಿ ವಾಹಿನಿಗಳು

1994ರ ಜೂನ್ 1ರಂದು ಸನ್ ಸಮೂಹ ಆರಂಭಿಸಿದ ಉದಯ ಟಿವಿ ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿ. 2000ದ ಡಿಸೆಂಬರಿನಲ್ಲಿ ಹೈದರಾಬಾದಿನ ರಾಮೋಜಿ ಸಮೂಹದ ಈಟಿವಿ ಕನ್ನಡ, 2006ರ ಮೇ ತಿಂಗಳಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ಮತ್ತು ಕಸ್ತೂರಿ ವಾಹಿನಿಗಳು ಬಂದವು. ಒಡೆತನ ಬದಲಾದಂತೆ ಹೆಸರುಗಳೂ ಬದಲಾದವು: ಈಟಿವಿ ಕನ್ನಡ 2015ರ ಏಪ್ರಿಲ್‌ನಲ್ಲಿ ಕಲರ್ಸ್ ಕನ್ನಡವಾಯಿತು, ಏಷ್ಯಾನೆಟ್ ಸುವರ್ಣ 2016ರಲ್ಲಿ ಸ್ಟಾರ್ ಸುವರ್ಣವಾಯಿತು.

ಆರಂಭದ ದಿನಗಳಲ್ಲಿ ಈ ವಾಹಿನಿಗಳ ಬಂಡವಾಳ ಚಲನಚಿತ್ರ ಮತ್ತು ಚಿತ್ರಗೀತೆ. ನಂತರ ವಾರದ ದಿನಗಳಲ್ಲಿ ಧಾರಾವಾಹಿ, ವಾರಾಂತ್ಯದಲ್ಲಿ ಸ್ಪರ್ಧಾ ಕಾರ್ಯಕ್ರಮ ಎಂಬ ವೇಳಾಕ್ರಮ ನೆಲೆಗೊಂಡಿತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಟ್ಟ 'ಎದೆ ತುಂಬಿ ಹಾಡುವೆನು', 2012ರಲ್ಲಿ ಪುನೀತ್ ರಾಜ್‌ಕುಮಾರ್ ನಿರೂಪಣೆಯಲ್ಲಿ ಸುವರ್ಣ ವಾಹಿನಿಯಲ್ಲಿ ಬಂದ 'ಕನ್ನಡದ ಕೋಟ್ಯಧಿಪತಿ', 2013ರಲ್ಲಿ ಸುದೀಪ್ ನಿರೂಪಣೆಯಲ್ಲಿ ಈಟಿವಿ ಕನ್ನಡದಲ್ಲಿ ಆರಂಭವಾದ 'ಬಿಗ್ ಬಾಸ್', 2014ರಲ್ಲಿ ಜೀ ಕನ್ನಡದಲ್ಲಿ ಆರಂಭವಾದ 'ವೀಕೆಂಡ್ ವಿತ್ ರಮೇಶ್' ಈ ಕ್ರಮದ ಪ್ರಮುಖ ಉದಾಹರಣೆಗಳು.

ಈ ವಾಹಿನಿಗಳ ಮಾತು ಬಹುಪಾಲು ಬೆಂಗಳೂರು-ಮೈಸೂರು ಕಡೆಯದು. ಉತ್ತರ ಕರ್ನಾಟಕದ ಕನ್ನಡ ದೀರ್ಘಕಾಲ ಹಾಸ್ಯದ ಪಾತ್ರಗಳಿಗೆ ಸೀಮಿತವಾಗಿದ್ದು, ನಾಯಕ-ನಾಯಕಿಯರ ಬಾಯಲ್ಲಿ ಅಪರೂಪವಾಗಿತ್ತು. ಹಾಡಿನ ಮತ್ತು ನೈಜತಾ ಸ್ಪರ್ಧೆಗಳಲ್ಲಿ ಮಾತ್ರ ಬರೆದುಕೊಟ್ಟ ಸಂಭಾಷಣೆ ಇಲ್ಲದ್ದರಿಂದ ಈ ಕಟ್ಟು ಸಡಿಲವಾಯಿತು. 'ಸರಿಗಮಪ'ದ ಮೂಲಕ ಹೆಸರಾಗಿ, 2025ರ ಜನವರಿಯಲ್ಲಿ ಮುಗಿದ 'ಬಿಗ್ ಬಾಸ್' 11ನೆಯ ಆವೃತ್ತಿಯನ್ನು ಗೆದ್ದ ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ ತಮ್ಮ ಊರಿನ ಮಾತನ್ನೇ ಆಡಿದರು.

ಕ್ರೀಡೆಗೆ ಕನ್ನಡ ಧ್ವನಿ

ಕ್ರೀಡಾ ಪ್ರಸಾರ ತಡವಾಗಿ ಕನ್ನಡಕ್ಕೆ ಬಂದುದರ ಮುಖ್ಯ ಕಾರಣ ಹಕ್ಕಿನ ವ್ಯವಸ್ಥೆ. ಪ್ರಸಾರ ಹಕ್ಕು ಇಡೀ ದೇಶಕ್ಕೆ ಒಟ್ಟಾಗಿ ಮಾರಾಟವಾಗುತ್ತದೆ. ಅದನ್ನು ಕೊಳ್ಳುವ ಶಕ್ತಿ ಒಂದೇ ಭಾಷೆಯ ವಾಹಿನಿಗಳಿಗಿರಲಿಲ್ಲ. ಕೊಂಡ ಕಂಪನಿಗಳಿಗೆ ಇಂಗ್ಲಿಷ್ ಮತ್ತು ಹಿಂದಿಯಿಂದಲೇ ದೇಶವ್ಯಾಪಿ ಜಾಹೀರಾತು ದೊರೆಯುತ್ತಿತ್ತು. 2017ರ ಸೆಪ್ಟೆಂಬರಿನಲ್ಲಿ ಸ್ಟಾರ್ ಸಂಸ್ಥೆ ಇಂಡಿಯನ್ ಪ್ರೀಮಿಯರ್ ಲೀಗ್‌ನ (ಐಪಿಎಲ್) 2018ರಿಂದ 2022ರವರೆಗಿನ ಹಕ್ಕನ್ನು 16,347.5 ಕೋಟಿ ರೂಪಾಯಿಗೆ ಪಡೆದ ಮೇಲೆ ಈ ಲೆಕ್ಕಾಚಾರ ಬದಲಾಯಿತು. ಅಷ್ಟು ಹಣ ಹುಟ್ಟಲು ಹಿಂದಿ-ಇಂಗ್ಲಿಷ್ ವೀಕ್ಷಕರಷ್ಟೇ ಸಾಲದಾದರು. ಇದಕ್ಕೂ ಮುನ್ನ 2017ರ ಮೇ ತಿಂಗಳಲ್ಲಿ ಇದೇ ಸಂಸ್ಥೆ ತಮಿಳಿನಲ್ಲಿ ಪ್ರತ್ಯೇಕ ಕ್ರೀಡಾ ವಾಹಿನಿ ತೆರೆದಿತ್ತು.

2018ರ ಐಪಿಎಲ್ ಆರು ಭಾಷೆಗಳಲ್ಲಿ ಪ್ರಸಾರವಾಯಿತು. ಕನ್ನಡಕ್ಕೆ ಆಗಿನ್ನೂ ಸ್ವಂತ ಕ್ರೀಡಾ ವಾಹಿನಿ ಇರದ ಕಾರಣ ಪಂದ್ಯಗಳು 2013ರಲ್ಲಿ ಆರಂಭವಾಗಿದ್ದ 'ಸುವರ್ಣ ಪ್ಲಸ್' ಎಂಬ ರಂಜನೆಯ ವಾಹಿನಿಯಲ್ಲಿ ಬಂದವು. ಹಗಲು ಸಿನಿಮಾ, ಸಂಜೆ ಕ್ರಿಕೆಟ್ ಎಂಬ ಈ ಜೋಡಣೆ ರಂಜನೆ ಮತ್ತು ಆಟ ಒಂದೇ ಕನ್ನಡ ವಾಹಿನಿಯಲ್ಲಿ ಕೂಡಿದ ಸ್ಪಷ್ಟ ನಿದರ್ಶನ. ಬಹುಕಾಲ ಬಾಳಲಿಲ್ಲ: ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ 'ಸ್ಟಾರ್ ಸ್ಪೋರ್ಟ್ಸ್ 1 ಕನ್ನಡ' ಆರಂಭವಾಗಿ, ಆಟಗಳು ಅಲ್ಲಿಗೆ ಸ್ಥಳಾಂತರಗೊಂಡವು.

ಹೊಸ ವಾಹಿನಿಗೆ ಆರಂಭದ ತಿಂಗಳುಗಳು ಅನುಕೂಲವಾಗಿದ್ದವು. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ತಂಡ ಪವನ್ ಸೆಹ್ರಾವತ್ ಗಳಿಸಿದ 22 ಅಂಕಗಳ ಬಲದಿಂದ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿತು. ಮಾರ್ಚ್ 17ರಂದು ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಗೆದ್ದಿತು.

ರಚನೆ ಮತ್ತು ಪ್ರಸಾರ ಕ್ರಮ

ಕನ್ನಡ ವಿವರಣೆಕಾರರು ಸಾಮಾನ್ಯವಾಗಿ ಮೈದಾನದಲ್ಲಿರುವುದಿಲ್ಲ. ಮೂಲ ದೃಶ್ಯ ಪ್ರಸಾರ ಸಂಸ್ಥೆಯ ಮುಂಬೈ ಕೇಂದ್ರಕ್ಕೆ ಬರುತ್ತದೆ. ಅಲ್ಲಿ ಭಾಷೆಗೊಂದರಂತೆ ಇರುವ ಸದ್ದುನಿರೋಧಕ ಕೋಣೆಗಳಲ್ಲಿ ಇಬ್ಬರು ಮೂವರು ಕುಳಿತು ಪರದೆ ನೋಡುತ್ತ ಮಾತಾಡುತ್ತಾರೆ. ಒಬ್ಬರು ಎಸೆತದಿಂದ ಎಸೆತಕ್ಕೆ ಆಟ ಹೇಳುವವರು, ಮತ್ತೊಬ್ಬರು ಆಡಿ ಬಲ್ಲ ಮಾಜಿ ಆಟಗಾರರು. ಪರದೆ ತೋರಿಸಿದ್ದಷ್ಟೇ ಕಾಣುವುದರಿಂದ ಮೈದಾನದ ಮೂಲೆಯಲ್ಲಿ ಕ್ಷೇತ್ರರಕ್ಷಕ ಜರುಗಿದ್ದು ಕ್ಯಾಮೆರಾ ಅತ್ತ ತಿರುಗುವವರೆಗೆ ಅವರಿಗೂ ತಿಳಿಯದು. ಇದು ಈ ಪದ್ಧತಿಯ ಹುಟ್ಟು ಮಿತಿ. ಮಾತು ಸೇರಿದ ಮೇಲೆ ಕನ್ನಡ ಅಕ್ಷರಗಳ ಅಂಕಪಟ್ಟಿ, ಜಾಹೀರಾತು ಸೇರಿ, ಸಂಕೇತ ಉಪಗ್ರಹಕ್ಕೆ ಏರುತ್ತದೆ.

ಅಲ್ಲಿಂದ ಮನೆಗೆ ಮೂರು ದಾರಿಗಳಿವೆ. ಮೊದಲನೆಯದು ಕೇಬಲ್: ದೊಡ್ಡ ಜಾಲದವರು ಪಡೆದ ಸಂಕೇತವನ್ನು ಊರಿನ ಕೇಬಲ್‌ನವರು ಕಂಬದಿಂದ ಕಂಬಕ್ಕೆ ಎಳೆದು ಸೆಟ್‌ಟಾಪ್ ಬಾಕ್ಸ್‌ಗೆ ಮುಟ್ಟಿಸುತ್ತಾರೆ. ಎರಡನೆಯದು ಮನೆಯ ಮಾಳಿಗೆಯ ಮೇಲಿನ ಡಿಶ್ ತಟ್ಟೆ. ಇದು ಬಳಸುವ ತರಂಗಗಳು ದಟ್ಟ ಮಳೆಹನಿಗಳಲ್ಲಿ ಕ್ಷೀಣಿಸುವುದರಿಂದ ಜೋರು ಮಳೆಗೆ ಚಿತ್ರ ನಿಂತುಹೋಗುತ್ತದೆ. ಮೂರನೆಯದು ಅಂತರ್ಜಾಲ. ಈ ದಾರಿಗಳಲ್ಲಿ ಸಂಕೇತ ತಲುಪುವ ವೇಳೆ ಒಂದೇ ಅಲ್ಲ: ಫೋನಿನ ಪ್ರಸಾರ ಸಾಮಾನ್ಯವಾಗಿ ಕೇಬಲ್ ಮತ್ತು ಡಿಶ್‌ಗಿಂತ ಹಲವು ಸೆಕೆಂಡು ಹಿಂದಿರುವುದರಿಂದ, ಕಟ್ಟೆಯ ಮೇಲೆ ಫೋನಿನಲ್ಲಿ ಪಂದ್ಯ ನೋಡುವವರಿಗೆ ಸಿಕ್ಸರ್ ಕಾಣುವ ಮೊದಲೇ ಪಕ್ಕದ ಮನೆಯ ಕೂಗು ಕೇಳಿಸಿರುತ್ತದೆ.

ವಿವರಣೆಯ ಭಾಷೆ

ಆಟದ ಕನ್ನಡವನ್ನು ಮೊದಲು ಕಟ್ಟಿದವು ಪತ್ರಿಕೆಗಳು. ಓಟ, ಎಸೆತ, ದಾಂಡಿಗ, ಹುದ್ದರಿ, ಗೂಟರಕ್ಷಕ, ಶತಕ, ತೀರ್ಪುಗಾರ ಮೊದಲಾದ ಪದಗಳು ಅಚ್ಚಿನಲ್ಲಿ ರೂಢಿಯಾದವು. ಓದುವಾಗ ಸಲೀಸಾದ ಈ ಪದಗಳೆಲ್ಲ ಆಡುವಾಗ ಉಳಿಯಲಿಲ್ಲ. ಎಸೆತ, ಓಟ, ಶತಕ ನೇರ ಪ್ರಸಾರದಲ್ಲೂ ಗಟ್ಟಿಯಾಗಿ ನಿಂತವು. ಹುದ್ದರಿ ಮತ್ತು ಗೂಟರಕ್ಷಕದ ಜಾಗದಲ್ಲಿ ವಿಕೆಟ್ ಮತ್ತು ಕೀಪರ್ ಉಳಿದವು. ಚೆಂಡು ಗಾಳಿಯಲ್ಲಿರುವ ಕ್ಷಣದಲ್ಲಿ ಹೇಳಿ ಮುಗಿಸಬೇಕಾದ ಮಾತಿಗೆ ಗಿಡ್ಡ ಪದ ಬೇಕು ಎಂಬುದು ಇದಕ್ಕೆ ಒಂದು ಕಾರಣ, ಬೀದಿಯಲ್ಲಿ ಆಡುವ ಹುಡುಗರು ಎಂದೂ 'ಹುದ್ದರಿ' ಅನ್ನದೆ ಇದ್ದುದು ಇನ್ನೊಂದು.

ಕಬಡ್ಡಿಯಲ್ಲಿ ಇದು ಬೇರೆಯ ರೀತಿ. ಹುತುತು ಎಂಬ ಹೆಸರಿನಲ್ಲೂ ಹಳ್ಳಿಗಳಿಗೆ ಪರಿಚಿತವಾದ ಈ ಆಟಕ್ಕೆ ದಾಳಿ, ಹಿಡಿತ, ಗೆರೆ, ಔಟಾದವನು ಮತ್ತೆ 'ಜೀವ' ಪಡೆಯುವುದು ಮುಂತಾದ ಮಾತುಗಳು ಮೊದಲೇ ಇದ್ದವು. 2014ರ ಜುಲೈ 26ರಂದು ಆರಂಭವಾದ ಪ್ರೊ ಕಬಡ್ಡಿ ಲೀಗ್ ಮೂವತ್ತು ಸೆಕೆಂಡಿನ ದಾಳಿ, 'ಸೂಪರ್ ಟ್ಯಾಕಲ್' ಮುಂತಾದ ನಿಯಮಗಳನ್ನು ಟೆಲಿವಿಷನ್‌ಗೆ ಒಪ್ಪುವಂತೆ ಹೊಂದಿಸಿಕೊಂಡಿತು. ಹೀಗಾಗಿ ರೈಡರ್, ಟ್ಯಾಕಲ್, ಬೋನಸ್ ಎಂಬ ಪದಗಳು ಹಳೆಯ ಮಾತಿನ ಜೊತೆ ಬೆರೆತವು.

ಕ್ರಿಕೆಟ್ ವಿವರಣೆಯಲ್ಲಿ ವಿಜಯ್ ಭಾರದ್ವಾಜ್, ಭರತ್ ಚಿಪ್ಲಿ ಮೊದಲಾದ ಮಾಜಿ ಆಟಗಾರರ ಧ್ವನಿಗಳು ಪರಿಚಿತವಾದವು. ಭಾರದ್ವಾಜ್ 1999ರಲ್ಲಿ ನೈರೋಬಿಯಲ್ಲಿ ನಡೆದ ಎಲ್‌ಜಿ ಕಪ್‌ನಲ್ಲಿ, ತಮ್ಮ ಮೊದಲ ಏಕದಿನ ಸರಣಿಯಲ್ಲೇ, ಸರಣಿಯ ಶ್ರೇಷ್ಠ ಆಟಗಾರರಾದವರು. ಅದೇ ಪಂದ್ಯಾವಳಿಯಲ್ಲಿ ಗದಗಿನ ಸುನಿಲ್ ಜೋಶಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರುಗಳಲ್ಲಿ ಕೇವಲ 6 ಓಟ ಕೊಟ್ಟು 5 ವಿಕೆಟ್ ಪಡೆದರು. ಗದಗ ಸೀಮೆಯ ಆಟಗಾರನೊಬ್ಬನ ಅತ್ಯಂತ ಪ್ರಸಿದ್ಧ ಅಂತರರಾಷ್ಟ್ರೀಯ ಸಾಧನೆಯಾದ ಇದಕ್ಕೆ ಟೆಲಿವಿಷನ್ನಿನಲ್ಲಿ ಕನ್ನಡ ವಿವರಣೆ ಇರಲಿಲ್ಲ.

ಪ್ರಕಾರಗಳು

ಬಳಕೆಯ ದೃಷ್ಟಿಯಿಂದ ಕನ್ನಡ ವಾಹಿನಿಗಳನ್ನು ಸಾಮಾನ್ಯ ಮನರಂಜನೆ (ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ), ಚಲನಚಿತ್ರ (ಉದಯ ಮೂವೀಸ್, 2020ರಲ್ಲಿ ಬಂದ ಜೀ ಪಿಚ್ಚರ್), ಸಂಗೀತ, ಹಾಸ್ಯ, ಮಕ್ಕಳ ವಾಹಿನಿ ಮತ್ತು ಕ್ರೀಡೆ ಎಂದು ವಿಂಗಡಿಸಬಹುದು. ಸುದ್ದಿ ವಾಹಿನಿಗಳು ಈ ಲೇಖನದ ವ್ಯಾಪ್ತಿಗೆ ಸೇರಿಲ್ಲ.

ಕಾನೂನು ಮತ್ತು ಹಣಕಾಸು

ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರವರಿಯಲ್ಲಿ ಹೇಳಿದ್ದು ಕ್ರಿಕೆಟ್ ಪ್ರಸಾರದ ವ್ಯಾಜ್ಯವೊಂದರಲ್ಲಿಯೇ. ಬಂಗಾಳ ಕ್ರಿಕೆಟ್ ಸಂಸ್ಥೆ ಅದರಲ್ಲಿ ಕಕ್ಷಿದಾರ. 2007ರ ಕಾಯ್ದೆಯೊಂದರಂತೆ, ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಗುರುತಿಸಿದ ಆಟಗಳ ನೇರ ಸಂಕೇತವನ್ನು ಖಾಸಗಿ ಹಕ್ಕುದಾರರು ದೂರದರ್ಶನದ ಮಾತೃಸಂಸ್ಥೆಯಾದ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು. ಹಾಗೆ ಪಡೆದ ಸಂಕೇತವನ್ನು ದೂರದರ್ಶನ ತನ್ನ ಭೂಪ್ರಸಾರ ಮತ್ತು ಚಂದಾ ಇಲ್ಲದ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ಮಾತ್ರ ಬಳಸಬಹುದು, ಕೇಬಲ್‌ನವರ ಮೂಲಕ ಹರಿಸುವಂತಿಲ್ಲ ಎಂದು 2017ರ ಆಗಸ್ಟ್‌ನಲ್ಲಿ ತೀರ್ಪಾಯಿತು. ಭಾರತ ಆಡುವ ಏಕದಿನ ಮತ್ತು ಟಿ20 ಅಂತರರಾಷ್ಟ್ರೀಯ ಪಂದ್ಯಗಳು ಸರ್ಕಾರ ಗುರುತಿಸಿದ ಆಟಗಳ ಪಟ್ಟಿಯಲ್ಲಿವೆ, ಐಪಿಎಲ್ ಇಲ್ಲ.

ಡಬ್ಬಿಂಗ್ ವಿಷಯದಲ್ಲಿ ಕನ್ನಡ ಚಿತ್ರರಂಗ ದಶಕಗಳ ಕಾಲ ಅಘೋಷಿತ ನಿರ್ಬಂಧವನ್ನು ಪಾಲಿಸಿತು. ಇದರ ಪರಿಣಾಮವಾಗಿ 2012ರಲ್ಲಿ 'ಸತ್ಯಮೇವ ಜಯತೇ' ಕಾರ್ಯಕ್ರಮ ಹಲವು ಭಾಷೆಗಳಲ್ಲಿ ಬಂದರೂ ಕನ್ನಡ ವಾಹಿನಿಯಲ್ಲಿ ಬರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ನಿರ್ಬಂಧದ ವಿರುದ್ಧ ಆದೇಶ ನೀಡಿತು. 2020ರ ಕೊರೊನಾ ಕಾಲದಲ್ಲಿ ಧಾರಾವಾಹಿಗಳ ಚಿತ್ರೀಕರಣ ನಿಂತಾಗ ಡಬ್ ಆದ 'ಮಹಾಭಾರತ' ಸ್ಟಾರ್ ಸುವರ್ಣದಲ್ಲಿ ಪ್ರಸಾರವಾಯಿತು. ವೀಕ್ಷಕ ವಿವರಣೆ ಮಾತ್ರ ಡಬ್ಬಿಂಗ್ ಅಲ್ಲವಾದ್ದರಿಂದ ಈ ವಿವಾದಕ್ಕೆ ಸಿಲುಕಲಿಲ್ಲ.

ವಾಹಿನಿಗಳ ಆದಾಯ ಜಾಹೀರಾತು ಮತ್ತು ಚಂದಾ ಎಂಬ ಎರಡು ಮೂಲಗಳಿಂದ ಬರುತ್ತದೆ. 2019ರ ಫೆಬ್ರವರಿಯಿಂದ ಪೂರ್ಣವಾಗಿ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ದರ ವ್ಯವಸ್ಥೆಯಂತೆ ಪ್ರತಿ ಪಾವತಿ ವಾಹಿನಿಗೂ ಬೆಲೆ ನಮೂದಿಸಿ, ಗ್ರಾಹಕರಿಗೆ ಬಿಡಿಯಾಗಿ ಆಯ್ದುಕೊಳ್ಳುವ ಅವಕಾಶ ಕೊಡಬೇಕಾಯಿತು. ಕನ್ನಡ ಕ್ರೀಡಾ ವಾಹಿನಿ ಇದಕ್ಕೆ ಕೆಲವೇ ವಾರ ಮುಂಚೆ ಹುಟ್ಟಿದ್ದರಿಂದ ಕ್ರಿಕೆಟ್ ನೋಡುವ ಕನ್ನಡ ಮನೆಗಳು ಹಿಂದಿ ಅಥವಾ ಇಂಗ್ಲಿಷ್ ವಾಹಿನಿಯ ಬದಲಿಗೆ ಇದನ್ನೇ ಆರಿಸಿಕೊಳ್ಳುವುದು ಸಾಧ್ಯವಾಯಿತು. ಪಂದ್ಯಗಳ ನಡುವೆ ಎದ್ದು ಕಾಣುತ್ತಿದ್ದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತನ್ನು 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ನಿಷೇಧಿಸಿತು.

ರೋಣ ಸೀಮೆಯಲ್ಲಿ ಬಳಕೆ

ಬೆಳವಣಕಿ ಸೇರಿದಂತೆ ರೋಣ, ನರಗುಂದ, ಗಜೇಂದ್ರಗಡ ಭಾಗದ ಎರೆಭೂಮಿಯ ಹಳ್ಳಿಗಳಲ್ಲಿ ಟೆಲಿವಿಷನ್ ವೀಕ್ಷಣೆ ಬೇಸಾಯದ ವರ್ಷಕ್ಕೆ ಹೊಂದಿಕೊಂಡಿದೆ. ಮಾರ್ಚ್ ಕೊನೆಯಿಂದ ಮೇ ಅಂತ್ಯದವರೆಗಿನ ಐಪಿಎಲ್ ಕಾಲ ಕಡಲೆ, ಬಿಳಿಜೋಳಗಳ ಹಿಂಗಾರಿ ಸುಗ್ಗಿ ಮುಗಿದು, ಮುಂಗಾರಿಯ ಹೆಸರು ಬಿತ್ತನೆ ಇನ್ನೂ ಶುರುವಾಗದ ಬಿಡುವಿನ ಕಾಲ. ಆದರೆ ಪಂದ್ಯ ಆರಂಭವಾಗುವ ಸಂಜೆ 7.30 ಧಾರಾವಾಹಿಗಳ ಮುಖ್ಯ ವೇಳೆಯೂ ಹೌದು. ಒಂದೇ ಟಿ.ವಿ. ಇರುವ ಮನೆಯಲ್ಲಿ ರಿಮೋಟು ಯಾರ ಕೈಗೆ ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಗಂಡಸರು, ಹುಡುಗರು ಫೋನಿಗೆ ಸರಿದದ್ದರಲ್ಲಿ ಇದರ ಪಾಲೂ ಇದೆ.

ತಿಂಗಳ ಚಂದಾ ಇಲ್ಲದ ಡಿಡಿ ಫ್ರೀ ಡಿಶ್‌ನ ತಟ್ಟೆಗಳು ಈ ಸೀಮೆಯಲ್ಲಿ ಆಗ್ನೇಯಕ್ಕೆ ಮುಖ ಮಾಡಿರುತ್ತವೆ, ಏಕೆಂದರೆ ಅದರ ಉಪಗ್ರಹ ಸಮಭಾಜಕದ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ ಈ ಊರುಗಳು ಅದಕ್ಕಿಂತ ಸುಮಾರು 18 ಡಿಗ್ರಿ ಪಶ್ಚಿಮಕ್ಕಿವೆ. ಈ ತಟ್ಟೆಯಲ್ಲಿ ಚಂದನ ಸಿಗುತ್ತದೆ, ಡಿಡಿ ಸ್ಪೋರ್ಟ್ಸ್ ಸಿಗುತ್ತದೆ. ಕನ್ನಡದ ಪಾವತಿ ಕ್ರೀಡಾ ವಾಹಿನಿ ಸಿಗುವುದಿಲ್ಲ. ಅಂದರೆ ಚಂದಾ ಕಟ್ಟಲಾಗದ ಮನೆಗೆ ಭಾರತ ತಂಡದ ಆಟ ಸಿಗುತ್ತದೆ, ಬೆಂಗಳೂರು ತಂಡದ ಐಪಿಎಲ್ ಆಟ ಸಿಗುವುದಿಲ್ಲ.

ಇಂದಿನ ಸ್ಥಿತಿ

2023ರಿಂದ 2027ರವರೆಗಿನ ಐಪಿಎಲ್ ಹಕ್ಕುಗಳಲ್ಲಿ ಭಾರತದ ಟೆಲಿವಿಷನ್ ಪಾಲು 23,575 ಕೋಟಿ ರೂಪಾಯಿಗೆ ಸ್ಟಾರ್‌ಗೆ, ಅಂತರ್ಜಾಲದ ಪಾಲು ವಯಾಕಾಮ್18ಗೆ ಹೋಗಿತ್ತು. 2023ರಲ್ಲಿ ವಯಾಕಾಮ್18ರ ಅಂತರ್ಜಾಲ ಸೇವೆಯಾದ ಜಿಯೋಸಿನಿಮಾ ಕನ್ನಡವೂ ಸೇರಿದಂತೆ 12 ಭಾಷೆಗಳಲ್ಲಿ ಪಂದ್ಯಗಳನ್ನು ಚಂದಾ ಇಲ್ಲದೆ ಫೋನಿಗೆ ಮುಟ್ಟಿಸಿತು. 2024ರ ನವೆಂಬರಿನಲ್ಲಿ ಎರಡೂ ಕಂಪನಿಗಳ ಮಾಧ್ಯಮ ವ್ಯವಹಾರ ಒಂದಾಗಿ ಜಿಯೋಸ್ಟಾರ್ ಆಯಿತು; 2025ರ ಫೆಬ್ರವರಿ 14ರಿಂದ ಅಂತರ್ಜಾಲ ಪ್ರಸಾರ ಜಿಯೋಹಾಟ್‌ಸ್ಟಾರ್ ಹೆಸರಿನಲ್ಲಿ ನಡೆಯುತ್ತಿದೆ. ಇದರಿಂದ ಸ್ಟಾರ್ ಸುವರ್ಣ, ಕಲರ್ಸ್ ಕನ್ನಡ ಎಂಬ ಹಳೆಯ ಪ್ರತಿಸ್ಪರ್ಧಿಗಳೂ ಕನ್ನಡದ ಕ್ರೀಡಾ ವಾಹಿನಿಯೂ ಒಂದೇ ಒಡೆತನಕ್ಕೆ ಬಂದವು.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಪಂಜಾಬ್ ಕಿಂಗ್ಸ್ ವಿರುದ್ಧ 6 ಓಟಗಳಿಂದ ಗೆದ್ದು ಮೊದಲ ಬಾರಿಗೆ ಐಪಿಎಲ್ ಕಪ್ ಪಡೆಯಿತು. 'ಈ ಸಲ ಕಪ್ ನಮ್ದೇ' ಎಂಬ ಅಭಿಮಾನಿಗಳ ಘೋಷಣೆ ಅದಕ್ಕೆ ಮುಂಚೆಯೇ ಕನ್ನಡ ಬಾರದವರ ಬಾಯಲ್ಲೂ ನೆಲೆಸಿತ್ತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವಕ್ಕೆ ನೆರೆದ ಜನಸಂದಣಿಯ ಕಾಲ್ತುಳಿತದಲ್ಲಿ 11 ಮಂದಿ ಸತ್ತರು.

ವಾಹಿನಿಗಳ ಆಚೆಗೆ, ಹಳ್ಳಿಗಳ ಟೆನಿಸ್ ಚೆಂಡಿನ ಕ್ರಿಕೆಟ್ ಮತ್ತು ಕಬಡ್ಡಿ ಪಂದ್ಯಾವಳಿಗಳನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸುವ ರೂಢಿ ಬೆಳೆಯುತ್ತಿದೆ. ಒಂದೆರಡು ಕ್ಯಾಮೆರಾ, ಒಂದು ಮೈಕು, ಶಾಮಿಯಾನದ ನೆರಳಿನಲ್ಲಿ ಒಂದು ಮೇಜು ಇದಕ್ಕೆ ಸಾಕು. ಇಲ್ಲಿನ ವಿವರಣೆಕಾರ ಆಟಗಾರರನ್ನು ಊರು, ಅಡ್ಡಹೆಸರು ಹಿಡಿದೇ ಕರೆಯುತ್ತಾನೆ, 'ಹೊಡದ ನೋಡ್ರಿ', 'ಹಿಡದ್ರು, ಹಿಡದ್ರು' ಎಂಬ ತನ್ನ ಸೀಮೆಯ ಕನ್ನಡದಲ್ಲೇ ಆಟ ಹೇಳುತ್ತಾನೆ.